ತರ್ಜುಮೆ

ದಾವಣಗೆರೆ ಕೋರ್ಟಿನ ಮೂರನೇ ಕೋಣೆಯಲ್ಲಿ
ಇಪ್ಪತ್ತೆರಡು ವರ್ಷದಿಂದ ತರ್ಜುಮೆ ನನ್ನ ಕೆಲಸ.
ಇಂಗ್ಲಿಷಿನವರಿಗೆ ದುಡುಕಲು ಎಷ್ಟೊಂದು ಪುರುಸೊತ್ತು!
ರ್‍ಯಾಶ್, ರೆಕ್‌ಲೆಸ್, ಇಂಪಲ್ಸಿವ್, ಹಾಟ್‌ಹೆಡೆಡ್.
ನನ್ನ ಹತ್ತಿರ ದುಡುಕು, ಹುಂಬತನ,
ಮತ್ತೆ ಅವ್ವ ಬೈಯುವಾಗ ಬಳಸುತ್ತಿದ್ದ ಇನ್ನೆರಡು;
ಅವನ್ನು ಸರ್ಕಾರಿ ಕಾಗದ ತಡೆಯದು.

ರ್‍ಯಾಶ್ ಎಂದರೆ ಮೈಮೇಲೆ ಏಳುವ ಗಂಧೆಯೂ ಹೌದಂತೆ.
ಇರಬಹುದು. ತುರಿಸಿದಷ್ಟೂ ಹೆಚ್ಚು.

ಇವತ್ತಿನ ಆರೋಪಿ ದಾದಾಪೀರ್. ಲಗೇಜ್ ಆಟೊ.
ಮಂಡಕ್ಕಿ ಭಟ್ಟಿಯಿಂದ ಹನ್ನೊಂದು ಚೀಲ ಹೇರಿ
ಬೀಳುತ್ತಿದ್ದ ರೈಲ್ವೆ ಗೇಟಿನಡಿ ನುಗ್ಗಿಸಿ
ಗೇಟನ್ನೂ ಮುರಿದ, ತನ್ನ ಬಲಗೈಯನ್ನೂ.
“ಮೋಡ ಆಗಿತ್ರೀ ಸ್ವಾಮಿ, ಹನಿ ಬಿದ್ರೆ
ಮಂಡಕ್ಕಿ ಮೆತ್ತಗಾಗ್ತಾವಲ್ರೀ.”
ಯಾರೂ ನಗಲಿಲ್ಲ.
ಕಾದ ಮರಳಿಗೆ ಬಿದ್ದ ಅಕ್ಕಿ
ಹಿಂದುಮುಂದು ನೋಡಿ ಅರಳುತ್ತದೆಯೆ
ಎಂದು ನನಗನ್ನಿಸಿದ್ದು ಕಡತದಲ್ಲಿಲ್ಲ.

ಅದೇ ಗೇಟು.
ನನಗಾಗ ಇಪ್ಪತ್ತಮೂರು. ಲೂನಾ ಮೇಲೆ ಪರಮೇಶಿ,
ಮಿಲ್ಲಿನ ಸೈರನ್ನು ಆಗಷ್ಟೇ ಕೂಗಿ ಮುಗಿದಿತ್ತು.
“ಹತ್ತು, ಹೋಗೋಣ” ಅಂದ.
“ಎಲ್ಲಿಗೆ?” ಅಂದೆ.
ಅವನು ಗೇಟಿನಡಿ ತಲೆ ಬಗ್ಗಿಸಿ ಹೋಗಿಯೇಬಿಟ್ಟ.
ಗೂಡ್ಸ್ ಗಾಡಿ. ನಲವತ್ತೆಂಟು ಡಬ್ಬಿ. ಎಣಿಸಿದೆ.
ಗೇಟು ಎದ್ದಾಗ ಆಚೆ
ಬೀಡಾ ಅಂಗಡಿ ಇತ್ತು, ಒಂದು ಎಮ್ಮೆ ಇತ್ತು.

ಇದಕ್ಕೆ ಇಂಗ್ಲಿಷಿನಲ್ಲಿ ಪ್ರೂಡೆಂಟ್ ಎನ್ನುತ್ತಾರೆ.
ಒಳ್ಳೆಯ ಗುಣವೆಂದೇ ನಿಘಂಟು.

‘ದುಡುಕಿನಿಂದಲೂ ಅಜಾಗರೂಕತೆಯಿಂದಲೂ’
ಎಂದು ಟೈಪಿಸಿ ಹಾಳೆ ಮುಂದೆ ಸರಿಸಿದೆ.
ದಾದಾಪೀರ್ ಎಡಗೈಯಲ್ಲಿ ಸೊಟ್ಟಗೆ ಸಹಿ ಹಾಕುತ್ತ
ಕಿಟಕಿಯಾಚೆ
ಮೋಡ ನೋಡಿದ.