ಅರ್ಥಿಂಗ್ ಗುಂಡಿ

ಕೌಲ್ ಬಜಾರಿನ ಮೂರಂತಸ್ತಿನ ಕಟ್ಟಡದೊಳಗೆ
ದುಂಬಿಯೊಂದು ಹೊಕ್ಕಿದೆ ಅಂತ ಫೋನು.

ಕೆಳಗೆ ಎರ್ರಿಸ್ವಾಮಿಯ ಜೀನ್ಸ್ ಹೊಲಿಗೆ, ಹದಿನಾಲ್ಕು ಮಿಷನ್ನು.
"ನಮ್ಮದಲ್ಲಪ್ಪ, ಮ್ಯಾಲಿಂದ ಬರ್ತೈತೆ."
ನಡುವೆ ಹಲ್ಲಿನ ಡಾಕ್ಟರಮ್ಮ ವಸುಂಧರಾ:
"ನಾನಿನ್ನೂ ಡ್ರಿಲ್ಲೇ ಮುಟ್ಟಿರಲ್ಲ,
ಗುಂಯ್ ಕೇಳಿ ಪೇಷಂಟು ಎದ್ದು ಹೋಗಿರ್ತಾನೆ."
ತುದಿಗೆ, ತಗಡಿನಡಿ, ಖಾಸಿಂಬಿ.
ಅವಳ ರೇಡಿಯೋದಲ್ಲಿ ವಾರ್ತೆ ಓದುವವನ ಗಂಟಲಿಗೆ
ಮೀನಿನ ಮುಳ್ಳು ಸಿಕ್ಕಿಕೊಂಡಿತ್ತು.

ಮೇನ್ ಇಳಿಸಿದೆ, ದುಂಬಿ ಸತ್ತಿತು.
ಏರಿಸಿದೆ, ಎದ್ದಿತು.
ಒಂದೊಂದೇ ಫ್ಯೂಸು ಕಿತ್ತು ಜೇಬಿಗಿಳಿಸಿದೆ,
ಇಡೀ ಕಟ್ಟಡದ ಬೆಳಕು ನನ್ನ ಪ್ಯಾಂಟಿನಲ್ಲಿ
ಪಿಂಗಾಣಿಯಂತೆ ಟಣಟಣ.
ನ್ಯೂಟ್ರಲ್ಲಿನ ಸ್ಕ್ರೂ ಬಿಗಿ ಮಾಡಿದೆ.
ಹಳೇ ಚೋಕು ಬದಲಿಸಿದೆ, ನೂರೆಂಬತ್ತು ರೂಪಾಯಿ, ದಂಡ.

ಕೊನೆಗೆ ಮಿಷನ್ನಿನ ಮೈಗೆ
ಅಂಗೈ ಅಲ್ಲ, ಮುಂಗೈ ಸೋಕಿಸಿದೆ.
ಜುಮ್.
"ಯಾವಾಗಿಂದ ಹಿಂಗ?"
"ಶಿವರಾತ್ರಿ ಆದಮ್ಯಾಲೆ."

ಮೆಟ್ಟಿಲ ಹಿಂದೆ, ನೀಲಿ ಬಟ್ಟೆಚೂರಿನ ಗುಡ್ಡೆಯಡಿ
ಸಿಮೆಂಟಿನ ಮುಚ್ಚಳ. ಎತ್ತಿದರೆ
ಗುಟ್ಕಾ ಚೀಟಿ, ಒಂದು ಹಲ್ಲಿ,
ಉಪ್ಪೂ ಇದ್ದಿಲೂ ಬೂದಿಯಾಗಿ
ನೆಲ ತಳದವರೆಗೂ ಬಿರಿದಿತ್ತು.

"ದಿನಾ ಒಂದು ಬಕೆಟ್ ನೀರು ಬೇಕು," ಅಂದೆ.

ನಳ ಬರೋದೇ ಎಂಟು ದಿನಕ್ಕೊಮ್ಮೆ.
ಎರ್ರಿಸ್ವಾಮಿ ಡಾಕ್ಟರಮ್ಮನ್ನ ನೋಡಿದ,
ಡಾಕ್ಟರಮ್ಮ ಗಡಿಯಾರ ನೋಡಿದಳು.
ಮಾಲೀಕ ಗಾದಿಲಿಂಗಪ್ಪ ಫೋನಿನಲ್ಲಿ ನಕ್ಕ:
"ಕರೆಂಟಿಗೂ ನೀರಡಿಕೆ ಆಗ್ತೈತೇನಲೇ?"
ಆಗುತ್ತದೆ ಅನ್ನಬೇಕಿತ್ತು.
ದಾರಿ ತಪ್ಪಿದ್ದು ಎಲ್ಲಿಗಾದರೂ ಹೋಗಬೇಕಲ್ಲ,
ಹೋಗಲಾಗದೆ ತಿರುಗುತ್ತದೆ, ಗುಂಯ್ ಅಂತ,
ಅನ್ನಬೇಕಿತ್ತು. ಅಷ್ಟರಲ್ಲಿ ಅವನು ಕಟ್ ಮಾಡಿದ್ದ.

ಆಗ ಖಾಸಿಂಬಿ ಇಳಿದು ಬಂದಳು,
ಒಂದು ಕೈ ಗೋಡೆಗೆ, ಒಂದು ಕೈ ಬೋಗುಣಿಗೆ,
ಮೆಟ್ಟಿಲಿಗೊಂದು ಉಸಿರು.
ಅಕ್ಕಿ ತೊಳೆದ ನೀರು.
ಸುರಿದಳು. ಮಣ್ಣು ಸೊರ್ರನೆ ಕುಡಿಯಿತು,
ಹಲ್ಲಿ ಓಡಿತು.
"ಇದಕ್ಕ ಇಷ್ಟ್ ಮಾತಾ?" ಅಂದು
ತಿರುಗಿ ಹತ್ತತೊಡಗಿದಳು.

ಎರಡು ಕೊಡ, ಒಂದು ಸೇರು ಕಲ್ಲುಪ್ಪು ಆದಮೇಲೆ
ಗುಂಯ್ ಸಣ್ಣಗಾಯಿತು. ಪೂರ್ತಿ ಹೋಯಿತು
ಅಂತ ಸುಳ್ಳು ಹೇಳಲಾರೆ. ರೇಡಿಯೋದವನು
ಈಗ ಬರೀ ನೆಗಡಿ ಬಂದವನ ಹಾಗೆ.
ಕೂಲಿಗೆ ಎರ್ರಿಸ್ವಾಮಿ ಸೋಮವಾರ ಅಂದ,
ಯಾವ ಸೋಮವಾರ ಅನ್ನಲಿಲ್ಲ.

ರಾತ್ರಿ ಪ್ಯಾಂಟು ಬಿಚ್ಚುವಾಗ ಟಣ್ ಅಂತು.
ಜೇಬಿನಲ್ಲಿ ಒಂದು ಫ್ಯೂಸು ಉಳಿದಿತ್ತು,
ಮೆಟ್ಟಿಲ ದೀಪದ್ದು.

ಇವತ್ತಿಗೆ ನಾಲ್ಕು ದಿನ.
ಯಾರೂ ಫೋನ್ ಮಾಡಿಲ್ಲ.
ಖಾಸಿಂಬಿ ಕತ್ತಲಲ್ಲೇ ಇಳಿಯುತ್ತಿರಬೇಕು
ಬೋಗುಣಿ ಹಿಡಿದು.
ಸೈಕಲ್ ತೆಗೆದೆ.