ಮುಂದಿನ ಸಾಲು

ಮಿದ್ಯಾತಿನ ಕಲ್ಲುಮನೆಯಲ್ಲಿ, ಸಂಜೆ,
ಬಹ್ದೆ ಮುದುಕಿ ಪೂರ್ವಕ್ಕೆ ಮುಖಮಾಡಿ ನಿಲ್ಲುತ್ತಾಳೆ.
ಅಬೂನ್ ದ್ ಬಷ್ಮಾಯೊ,
ಪರಲೋಕದಲ್ಲಿರುವ ನಮ್ಮ ತಂದೆಯೇ.
ಕೈಯಲ್ಲಿನ್ನೂ ಹಿಟ್ಟು.

ಗ್ರೀಕರು ಬರೆದಿಟ್ಟ ಪ್ರತಿಯಲ್ಲಿ
ರೊಟ್ಟಿಗೆ ಅಂಟಿಕೊಂಡು ಒಂದು ಪದವಿದೆಯಂತೆ,
ಅದಕ್ಕೆ ಮುಂಚೆ ಎಲ್ಲೂ ಸಿಗದ್ದು.
ಇಂದಿನ ರೊಟ್ಟಿಯೋ, ನಾಳೆಯದೋ, ಬದುಕಲು ಬೇಕಾದಷ್ಟೋ
ಎಂದು ಪಂಡಿತರು ಸಾವಿರದೆಂಟು ನೂರು ವರ್ಷದಿಂದ
ಜಗಳಾಡುತ್ತಿದ್ದಾರೆ.
ಬಹ್ದೆಯ ಸುರಿಯಾನಿಯಲ್ಲಿ ಜಗಳವಿಲ್ಲ:
ಲಹ್ಮೊ ದ್ ಸುನ್‌ಕೊನನ್, ನಮ್ಮ ಕೊರತೆಯ ರೊಟ್ಟಿ.
ಕೊರತೆ ಎಷ್ಟೆಂದು ಡಬ್ಬಿ ಅಲುಗಿಸಿದರೆ ಗೊತ್ತಾಗುತ್ತದೆ.

ಮುಂದಿನ ಸಾಲಿನಲ್ಲಿ ಸಾಲವಿದೆ.
ಅಲ್ಲಿಗೆ ಬಂದಾಗ ನಾಲಿಗೆ ತಡೆಯುತ್ತದೆ.
ಹೌಬೊ. ಪಾಪಕ್ಕೂ ಅದೇ ಪದ, ಸಾಲಕ್ಕೂ ಅದೇ.
ಪಾದ್ರಿ ಪಾಪ ಅನ್ನುತ್ತಾರೆ.
ಗಂಡನ ಉದ್ರಿ ಪುಸ್ತಕ ಬೇರೆ ಹೇಳುತ್ತದೆ.

ಪೆಟ್ಟಿಗೆಯ ತಳದಲ್ಲಿದೆ ಅದು, ಇನ್ನೂ ಸೀಮೆಎಣ್ಣೆ ನಾತ.
ಎಪ್ಪತ್ತೊಂಬತ್ತರ ಚಳಿಗಾಲ. ಒಂದೊಂದೇ ಮನೆ
ಬೀಗ ಜಡಿದುಕೊಂಡು ಸ್ವೀಡನ್ನಿಗೆ ಹೊರಟಿತು,
ಹೇಳದೆ, ರಾತ್ರಿ ಬಸ್ಸಿಗೆ.
ಮಲ್ಕೆಯ ಪುಟ: ಸಕ್ಕರೆ, ಚಹಾ,
ತಂಗಿಯ ಮದುವೆಗೆ ನಾಲ್ಕು ಗಜ ಮಖಮಲ್ಲು,
ಒಟ್ಟು ಮುನ್ನೂರ ನಲವತ್ತು ಲೀರಾ.
ಸಾಯುವ ಹೊತ್ತಿಗೂ ಗಂಡ ಅಂದಿದ್ದ:
ನಲವತ್ತು ಬಿಡು, ಮುನ್ನೂರು ಕೇಳು.

ಮೊನ್ನೆ ಫೋನು ಬಂತು, ಸೋದರ್‌ಟೆಲ್ಯೆಯಿಂದ.
ಮೊದಲು ಕೆಮ್ಮು, ಆಮೇಲೆ ಮಲ್ಕೆ.
"ಅಕ್ಕಾ, ಆ ಲೆಕ್ಕ ತೀರಿಸಬೇಕು, ಕಣ್ಣು ಮುಚ್ಚುವ ಮೊದಲು."
ನಕ್ಕಳು. "ಸರ್ಕಾರ ನೋಟಿನಿಂದ ಆರು ಸೊನ್ನೆ ಉದುರಿಸಿ
ಎಷ್ಟೋ ವರ್ಷವಾಯಿತಲ್ಲೋ,
ನಿನ್ನ ಮುನ್ನೂರ ನಲವತ್ತಕ್ಕೆ ಈಗ
ಒಂದು ಎಳ್ಳುಕಾಳೂ ಬಾರದು."
"ಹಾಗಾದರೆ ತೀರಿತೇ?"

ಅವಳು ಸುಮ್ಮನಿದ್ದಳು.
ಬೇರೇನೋ ಕೇಳಿದಳು: "ನಿನ್ನ ಮೊಮ್ಮಕ್ಕಳು
ಯಾವ ಭಾಷೆಯಲ್ಲಿ ಪ್ರಾರ್ಥಿಸುತ್ತಾರೆ?"
"ಸ್ವೀಡಿಷಿನಲ್ಲಿ. ಅಲ್ಲಿ ಸ್ಕುಲ್ಡ್ ಅನ್ನುತ್ತಾರೆ."
"ಹಾಗಂದರೆ?"
"ಸಾಲ." ತುಸು ತಡೆದು, "ತಪ್ಪಿಗೂ ಅದೇ ಅಕ್ಕಾ.
ಇಷ್ಟು ದೂರ ಓಡಿಬಂದೆ,
ಆ ಪದ ನನಗಿಂತ ಮೊದಲೇ ಬಂದು ಕೂತಿತ್ತು."

ಆಗ ಸೀದ ವಾಸನೆ.
ತಂದೂರಿನ ಗೋಡೆಗೆ ಬಡಿದಿದ್ದ ಮೂರು ರೊಟ್ಟಿ!
ಫೋನನ್ನು ಹಿಟ್ಟಿನ ಪರಾತದಲ್ಲೇ ಇಟ್ಟು ಓಡಿದಳು.
ಒಂದು ಕರಿಕಾಗಿತ್ತು. ಎರಡು ಉಳಿದವು.

ಬಿಸಿ ಬೆರಳು ಊದಿಕೊಳ್ಳುತ್ತ ಅವಳಿಗನಿಸಿತು,
ಇದನ್ನು ಹೇಳಿಕೊಟ್ಟವನು
ಯಾವುದೋ ಅಂಗಡಿಯೆದುರು ಉದ್ರಿಗೆ ನಿಂತು ಬಲ್ಲವನೇ:
ರೊಟ್ಟಿಯನ್ನು ಮೊದಲಿಟ್ಟ,
ಸಾಲವನ್ನು ಆಮೇಲೆ.

ಹಿಟ್ಟಿನೊಳಗಿಂದ ಮಲ್ಕೆ
ಅಕ್ಕಾ, ಅಕ್ಕಾ ಅನ್ನುತ್ತಲೇ ಇದ್ದ.