ಆರು ಸೆಂಟಿನ ಲೆಕ್ಕ

ಹಳೇ ಕ್ಯಾಲೆಂಡರಿನ ಜುಲೈ ಹಾಳೆ ಮಗುಚಿ
ನಡುವೆ ಗೆರೆ ಎಳೆದಿದ್ದೇನೆ.
ಎಡಕ್ಕೆ ಹಂಸ ಮೇಸ್ತ್ರಿ, ಬಲಕ್ಕೆ ಕುಶಾಲನಗರದ ಕಂಪನಿ.

ಮೇಸ್ತ್ರಿಯ ಮನೆಗೆ ಎಂಟು ತಿಂಗಳು.
ಮಳೆ ಹಿಡಿದರೆ ಹನ್ನೊಂದು ಅನ್ನುತ್ತಾನೆ,
ಸುಂಟಿಕೊಪ್ಪದಲ್ಲಿ ಮಳೆ ಹಿಡಿಯದ ವರ್ಷ ಯಾವುದೆಂದು ಹೇಳುವುದಿಲ್ಲ.
ಕಲ್ಲು, ಸಿಮೆಂಟು, ಅವನ ಹುಡುಗರ ಚಹಾ,
ಕಿಟಕಿಗೆ ಹಲಸಿನ ಮರವೇ ಆಗಬೇಕೆಂಬ ಅವನ ಹಟ,
ಎಲ್ಲ ಸೇರಿ ಏಳೂಮುಕ್ಕಾಲು ಲಕ್ಷ.

ಕಂಪನಿಯದು ಮೂರು ವಾರ.
ಟಿಫನ್ ಕ್ಯಾರಿಯರಿನಲ್ಲಿ ಊಟ ಬಂದಂತೆ
ಲಾರಿಯಲ್ಲಿ ಗೋಡೆ ಬರುತ್ತದೆ, ಗೋಡೆಯೊಳಗೇ ವಯರು.
ಐದೂಕಾಲು. ಬೇಡವಾದರೆ
ಬಿಚ್ಚಿ ಬೇರೆ ಕಡೆ ಕಟ್ಟಬಹುದಂತೆ.

ಆ ಮಾತಿಗೇ ಸೊಸೈಟಿಯ ಮೇದಪ್ಪನವರು ಕನ್ನಡಕ ತೆಗೆದರು:
'ಬಿಚ್ಚಿ ಒಯ್ಯುವಂಥದ್ದು ಮನೆಯಲ್ಲಮ್ಮ, ಸಾಮಾನು.
ಸಾಮಾನಿಗೆ ಮನೆ ಸಾಲ ಇಲ್ಲ.'
ನಗು ಬಂತು. ನಾನು ಹುಟ್ಟಿದ್ದು
ಪಾಲಿಬೆಟ್ಟದ ತೋಟದ ಲೈನ್ ಮನೆಯಲ್ಲಿ.
ಕಲ್ಲಿನ ಗೋಡೆ, ನೂರು ವರ್ಷ ಅಲ್ಲಾಡಿಲ್ಲ.
ಬಿಚ್ಚಿ ಒಯ್ಯುತ್ತಿದ್ದದ್ದು ನಮ್ಮನ್ನು.
ರೈಟರು ಹೆಸರು ಹೊಡೆದು ಹಾಕಿದ ದಿನ
ಒಂದು ಟ್ರಂಕು, ಎರಡು ಕೋಳಿ, ಅವ್ವ, ನಾನು,
ಟ್ರ್ಯಾಕ್ಟರಿನಲ್ಲಿ ಮಾದಾಪುರದ ಕಡೆಗೆ.

ಭಾನುವಾರ ಮಾದರಿ ಮನೆ ನೋಡಿ ಬಂದೆ.
ಹೊಸ ಫ್ರಿಜ್ಜಿನ ವಾಸನೆ.
ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದೆ. ಡಬ್ ಎಂದಿತು.
ಗೆದ್ದಲು ಹಿಡಿಯಲ್ಲ, ಬಿಸಿಲು ತಡೆಯುತ್ತೆ,
ಇಪ್ಪತ್ತು ವರ್ಷ ಗ್ಯಾರಂಟಿ ಎಂದ ಮಾರುವ ಹುಡುಗ.
'ಆಚೆಯವರು ಕೆಮ್ಮಿದರೆ ಈಚೆ ಕೇಳುತ್ತದಾ?'
ಅವನ ಕಾಗದದಲ್ಲಿ ಅದಿರಲಿಲ್ಲ.

ಲೈನಿನಲ್ಲಿ ಗೋಡೆ ಮಾಡನ್ನು ಮುಟ್ಟುತ್ತಿರಲಿಲ್ಲ.
ಏಳು ಮನೆಯ ಕೆಮ್ಮು, ಜಗಳ, ಬಾಯಿ ಮುಚ್ಚಿ ಅತ್ತದ್ದು,
ಎಲ್ಲ ಒಂದೇ ಹೆಂಚಿನ ಕೆಳಗೆ.
ಆಮೇಲೆ ಮೂವತ್ತೊಂದು ವರ್ಷ ಆಸ್ಪತ್ರೆಯ ವಾರ್ಡು ಒರೆಸಿದೆ.
ಅಲ್ಲಿಯೂ ಪರದೆ ಮಾತ್ರ.

ಬಾಡಿಗೆಗೆ ಬರುವವರು ಗೊತ್ತಾಗಿದ್ದಾರೆ:
ಅಸ್ಸಾಮಿನ ರಹಿಮಾ, ಗಂಡ, ಕೈಗೂಸು.
ಈಗ ಮೆಣಸಿನ ಗೋದಾಮಿನ ಹಿಂದೆ ತಗಡಿನ ಕೆಳಗಿದ್ದಾರೆ.
ನಾಲ್ಕೂವರೆ ಸಾವಿರಕ್ಕೆ ಒಪ್ಪಿದರು.
ಕಲ್ಲೋ ಹಲಗೆಯೋ ಕೇಳಲಿಲ್ಲ.
ಚಿಲಕ ಒಳಗಿನಿಂದ ಇದೆಯಾ, ಅಂದಳು
ತನ್ನ ಅರ್ಧ ಕನ್ನಡದಲ್ಲಿ.

ಸಂಜೆ ಹಂಸ ಬಂದು ಜಾಗ ಅಳೆದ, ಹೆಜ್ಜೆಯಲ್ಲಿ.
'ಅವರ ಲಾರಿ ಈ ತಿರುವಿನಲ್ಲಿ ತಿರುಗಲ್ಲ ಅಕ್ಕ,
ದರೆ ಕಡೀಬೇಕು.'
ದರೆ ಕಡಿದವರ ಹಿತ್ತಿಲು ಎತ್ತ ಹೋಯಿತೆಂದು
ಇಬ್ಬರಿಗೂ ಗೊತ್ತು. ಸುಮ್ಮನೆ ಕೆಳಗೆ ನೋಡಿದೆವು.
ಸ್ವಲ್ಪ ಹೊತ್ತಾದ ಮೇಲೆ ಅವನೇ,
'ನನ್ನ ಗೋಡೆಯೂ ಈ ಮಣ್ಣಿಗೆ ಭಾರವೇ' ಅಂದ,
ತನಗೆ ತಾನೇ ವಿರುದ್ಧ ಸಾಕ್ಷಿ ಹೇಳಿ
ಚಹಾ ಮುಗಿಸಿದ.

ಗೆರೆ ಇನ್ನೂ ನಡುವೆಯೇ ಇದೆ.
ಅದರ ಕೆಳಗೆ, ಎರಡೂ ಕಡೆಗೆ ಸೇರುವಂತೆ, ಬರೆದೆ:
ಚಿಲಕ, ಹಿತ್ತಾಳೆಯದು, ಒಳಬದಿಗೆ. ಮುನ್ನೂರ ಎಂಬತ್ತು.
ಅದನ್ನು ಇವತ್ತೇ ಕೊಂಡು ತಂದೆ.